ದ್ರಾವಕ ಹೋಯಿತು, ಗುರುತು ಉಳಿಯಿತು

ಬೆಳ್ತಂಗಡಿ ಪೇಟೆಯಿಂದ ಉಜಿರೆ ಕಡೆಗೆ ಹೊರಟರೆ ಸಿಗುವ ಊರು ಲಾಯಿಲ. ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಅಡಿಕೆ ತೋಟ, ಗುಡ್ಡದ ಇಳಿಜಾರಿನಲ್ಲಿ ರಬ್ಬರ್. ದ್ರವವಾಗಿದ್ದ ಪಾಲಿಮರ್ ಹೇಗೆ ಗಟ್ಟಿ ಪದರವಾಗುತ್ತದೆ, ಆಗುವ ದಾರಿಯಲ್ಲಿ ಏನೇನು ನಡೆಯುತ್ತದೆ ಎಂಬ ಪಾಠ ಈ ತಾಲೂಕಿನಲ್ಲಿ ದಿನಬೆಳಗಾದರೆ ನಡೆಯುತ್ತದೆ. ಆದರೆ ಅದನ್ನು ನಾವು ಪಾಠವೆಂದು ಓದುವುದಿಲ್ಲ, ಕೆಲಸವೆಂದು ಮಾಡಿ ಮುಗಿಸುತ್ತೇವೆ.

ಪಂಕ್ಚರ್ ಹಾಕುವವರನ್ನು ಗಮನಿಸಿ. ಟ್ಯೂಬು ತೂತಾದ ಜಾಗವನ್ನು ಉಜ್ಜಿ ಒರಟು ಮಾಡುತ್ತಾರೆ, ಸೊಲ್ಯೂಷನ್ ಹಚ್ಚುತ್ತಾರೆ, ಆದರೆ ಕೂಡಲೇ ಪ್ಯಾಚ್ ಅಂಟಿಸುವುದಿಲ್ಲ. ಬಾಯಿಂದ ಊದುತ್ತಾರೆ, ಕಾಯುತ್ತಾರೆ, ಬೆರಳ ತುದಿಯಿಂದ ಮುಟ್ಟಿ ನೋಡುತ್ತಾರೆ. ಹಸಿ ಇರಬಾರದು, ಹಾಗೆಂದು ಪೂರ್ತಿ ಒಣಗಿಯೂ ಇರಬಾರದು. ಬೆರಳಿಗೆ ಹಿಡಿದು ಬಿಡುವಷ್ಟು ಅಂಟು ಬಂದ ಮೇಲೆ ಪ್ಯಾಚ್ ಇಟ್ಟು ಒತ್ತುತ್ತಾರೆ. ಆ ಸೊಲ್ಯೂಷನ್ ಎಂದರೆ ಪೆಟ್ರೋಲಿನ ಜಾತಿಯ ದ್ರಾವಕದಲ್ಲಿ ಕರಗಿಸಿದ ರಬ್ಬರ್. ದ್ರಾವಕ ಹಾರಿಹೋಗುವ ಮೊದಲೇ ಪ್ಯಾಚ್ ಮುಚ್ಚಿದರೆ ಅದು ಒಳಗೆ ಸಿಕ್ಕಿಕೊಳ್ಳುತ್ತದೆ. ಟಯರು ಬಿಸಿಯಾದಾಗ ಪ್ಯಾಚ್ ಎದ್ದು ಬರುತ್ತದೆ. ದ್ರಾವಕ ಎಷ್ಟು ಉಳಿದಿದೆ ಎಂಬುದರ ಮೇಲೆ ಪದರದ ಗುಣ ನಿಂತಿದೆ ಎಂದು ಆ ಬೆರಳಿಗೆ ಗೊತ್ತು.

ಪ್ರಯೋಗಾಲಯದಲ್ಲಿ ಪಾಲಿಮರ್ ಫಿಲ್ಮ್ ಮಾಡುವ ಅತಿ ಸಾಮಾನ್ಯ ವಿಧಾನವೂ ಇದೇ. ಪಾಲಿಮರನ್ನು ಒಂದು ದ್ರಾವಕದಲ್ಲಿ ಕರಗಿಸಿ, ಗಾಜಿನ ತಟ್ಟೆಗೆ ಸುರಿದು, ಆರಲು ಬಿಡುವುದು. ಇನ್ನೂ ತೆಳುವಾದ ಪದರ ಬೇಕಿದ್ದರೆ ಸಿಲಿಕಾನ್ ಬಿಲ್ಲೆಯ ಮೇಲೆ ಕೆಲವು ಹನಿ ಹಾಕಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುವುದು. ದ್ರಾವಣ ಚದುರಿ, ದ್ರಾವಕ ಹಾರಿ, ನ್ಯಾನೋಮೀಟರ್ ಲೆಕ್ಕದ ದಪ್ಪದ ಪದರ ಉಳಿಯುತ್ತದೆ. ಪ್ರಬಂಧಗಳಲ್ಲಿ ಇಷ್ಟನ್ನೂ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗುವುದುಂಟು. ದ್ರಾವಕ ಕೇವಲ ವಾಹನ, ಸರಕು ಇಳಿಸಿ ಹೋಯಿತು, ಅದರ ಮಾತೇಕೆ ಎಂಬ ಭಾವನೆ ಅದರ ಹಿಂದಿದೆ. ಈ ಅಧ್ಯಾಯ ಆ ಭಾವನೆಯ ವಿರುದ್ಧ. ಯಾವ ದ್ರಾವಕದಿಂದ, ಯಾವ ವೇಗದಲ್ಲಿ ಫಿಲ್ಮ್ ಒಣಗಿತು ಎಂಬುದು ಆ ಫಿಲ್ಮ್‌ನ ಅಣುಗಳು ಮುಂದೆ ಹೇಗೆ ಅಲುಗಾಡುತ್ತವೆ ಎಂಬುದನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ಫಿಲ್ಮ್ ಇರುವವರೆಗೂ ನಿರ್ಧರಿಸುತ್ತದೆ.

ಮೊದಲು ಅಣುಗಳ ವಿಷಯ. ಪಾಲಿಮರ್ ಎಂದರೆ ಬಹು ಉದ್ದದ ಸರಪಳಿ ಅಣು ಎಂದು ಜರ್ಮನಿಯ ಹರ್ಮನ್ ಸ್ಟಾಡಿಂಗರ್ 1920ರಲ್ಲಿ ವಾದಿಸಿದಾಗ ಒಪ್ಪಿದವರು ಕಡಿಮೆ. 1953ರಲ್ಲಿ ಅವರಿಗೆ ನೊಬೆಲ್ ಬಂತು. ಥರ್ಮಾಕೋಲ್ ಆಗುವ ಪಾಲಿಸ್ಟೈರೀನನ್ನೇ ತೆಗೆದುಕೊಳ್ಳಿ. ಅದರ ಒಂದು ಅಣುವಿನ ತೂಕ 1,00,000 ಎಂದಾದರೆ ಅದರಲ್ಲಿ ಸುಮಾರು 960 ಘಟಕಗಳು ಸಾಲಾಗಿ ಕೊಂಡಿ ಹಾಕಿಕೊಂಡಿರುತ್ತವೆ. ಜಗ್ಗಿ ನೆಟ್ಟಗೆ ಮಾಡಿದರೆ ಸುಮಾರು 240 ನ್ಯಾನೋಮೀಟರ್ ಉದ್ದ. ತನ್ನ ಪಾಡಿಗೆ ಬಿಟ್ಟರೆ ಸುರುಳಿ ಸುತ್ತಿಕೊಂಡು ಸುಮಾರು 20 ನ್ಯಾನೋಮೀಟರ್ ಅಗಲದ ಉಂಡೆ. ಅಂದರೆ 20 ನ್ಯಾನೋಮೀಟರ್ ದಪ್ಪದ ಫಿಲ್ಮ್‌ನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಉಂಡೆಗೆ ಜಾಗ. ತೆಳುಪದರದಲ್ಲಿ ಎಲ್ಲ ಲೆಕ್ಕ ತಪ್ಪತೊಡಗುವುದು ಇದಕ್ಕೇ.

ಈ ಸರಪಳಿಗಳು ಎಂದೂ ಸುಮ್ಮನಿರುವುದಿಲ್ಲ. ಒತ್ತಿದರೆ, ಜಗ್ಗಿದರೆ, ವಿದ್ಯುತ್ ಕ್ಷೇತ್ರದಲ್ಲಿ ಇಟ್ಟರೆ ಅವು ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತವೆ. ಬಿಟ್ಟರೆ ಹಿಂದಿನ ಸಹಜ ಸ್ಥಿತಿಗೆ ಮರಳುತ್ತವೆ. ಮರಳುವ ಈ ಕ್ರಿಯೆಯೇ ಸಡಿಲಿಕೆ. ಅದರಲ್ಲಿ ಹಲವು ಹಂತಗಳಿವೆ. ಸರಪಳಿಯ ಪಕ್ಕಕ್ಕೆ ಜೋತಿರುವ ಸಣ್ಣ ಗುಂಪು ತಾನೊಬ್ಬನೇ ತಿರುಗುವುದು ಚಿಕ್ಕ ಸಡಿಲಿಕೆ, ಇದಕ್ಕೆ ಬೀಟಾ ಎಂದು ಹೆಸರು. ಅಕ್ರಿಲಿಕ್ ಹಲಗೆಯ ಪಾಲಿಮರ್ ಆದ ಪಿಎಂಎಂಎಯಲ್ಲಿ ಎಸ್ಟರ್ ಗುಂಪು ಕೋಣೆಯ ಉಷ್ಣತೆಯಲ್ಲಿಯೇ ಹೀಗೆ ತಿರುಗುತ್ತಿರುತ್ತದೆ. ಹತ್ತಾರು ಘಟಕಗಳ ಒಂದು ತುಂಡು ನೆರೆಹೊರೆಯನ್ನು ಒತ್ತರಿಸಿಕೊಂಡು ಜರುಗುವುದು ದೊಡ್ಡ ಸಡಿಲಿಕೆ, ಆಲ್ಫಾ. ಇದು ನಿಂತುಹೋದಾಗ ಪಾಲಿಮರ್ ಗಾಜಾಗುತ್ತದೆ. ಪಾಲಿಸ್ಟೈರೀನ್ ಗಾಜಾಗುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಂಎಂಎ ಸುಮಾರು 105ರಲ್ಲಿ. ಇದೆಲ್ಲಕ್ಕಿಂತ ನಿಧಾನವಾದದ್ದು ಇಡೀ ಸರಪಳಿ ಜಾಗ ಬದಲಿಸುವುದು. ಸುತ್ತ ಬೇರೆ ಸರಪಳಿಗಳು ತಡೆ ಹಾಕಿರುವುದರಿಂದ ಅಡ್ಡ ಸರಿಯಲು ಬರುವುದಿಲ್ಲ. ಬಿದಿರು ಮೆಳೆಯೊಳಗೆ ಹಾವು ಹರಿದಂತೆ ತನ್ನ ಉದ್ದಕ್ಕೇ ಮುಂದೆ ಸಾಗಬೇಕು. ಫ್ರಾನ್ಸಿನ ಪಿಯೇರ್ ಜಿಲ್ ದ ಜೆನ್ 1971ರಲ್ಲಿ ಈ ಚಿತ್ರವನ್ನು ಗಣಿತಕ್ಕೆ ಇಳಿಸಿದರು. 1991ರ ಭೌತವಿಜ್ಞಾನದ ನೊಬೆಲ್ ಅವರದು.

ಈಗ ರಬ್ಬರ್ ತೋಟಕ್ಕೆ ಬನ್ನಿ. ಬೆಳಗಿನ ಜಾವ ಟ್ಯಾಪಿಂಗ್ ಆಗಿ ಚಿಪ್ಪಿನಲ್ಲಿ ಸೇರಿದ ಹಾಲಿನಲ್ಲಿ ನೂರಕ್ಕೆ 30ರಿಂದ 40 ಭಾಗ ರಬ್ಬರ್. ಅದನ್ನು ಸೋಸಿ, ನೀರು ಬೆರೆಸಿ, ಟ್ರೇಗೆ ಹೊಯ್ದು ಫಾರ್ಮಿಕ್ ಆಸಿಡ್ ಹಾಕುತ್ತಾರೆ. ಹೆಪ್ಪುಗಟ್ಟಿದ್ದನ್ನು ರೋಲರ್‌ಗೆ ಕೊಟ್ಟು ಶೀಟು ಮಾಡಿ, ನೀರು ಬಸಿದು, ಹೊಗೆಗೂಡಿನಲ್ಲಿ ನಾಲ್ಕಾರು ದಿನ ಒಣಗಿಸುತ್ತಾರೆ. ಒಣಗಿಸುವುದರಲ್ಲಿ ಎಡವಿದರೆ ಶೀಟಿನಲ್ಲಿ ಗುಳ್ಳೆ, ಬಿಳಿ ಮಚ್ಚೆ, ಬೂಷ್ಟು. ಗ್ರೇಡ್ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಆದರೆ ಅಣುಗಳ ಮಟ್ಟದಲ್ಲಿ ರಬ್ಬರ್ ಉದಾರಿ. ಅದು ಗಾಜಾಗುವುದು ಶೂನ್ಯಕ್ಕಿಂತ ಸುಮಾರು 70 ಡಿಗ್ರಿ ಕೆಳಗೆ. ಲಾಯಿಲದ ಹವೆಯಲ್ಲಿ ಅದರ ಸರಪಳಿಯ ತುಂಡುಗಳು ಕ್ಷಣಕ್ಕೆ ಲಕ್ಷಾಂತರ ಬಾರಿ ಜರುಗುತ್ತಲೇ ಇರುತ್ತವೆ. ಒಣಗುವಾಗ ಆದ ಸಣ್ಣಪುಟ್ಟ ಇರುಸುಮುರುಸು ಬೇಗ ಅಳಿಸಿಹೋಗುತ್ತದೆ.

ಪಾಲಿಸ್ಟೈರೀನ್ ಹಾಗಲ್ಲ. ನಮ್ಮ ಹವೆಯಲ್ಲಿ ಅದು ಗಾಜು. ಥರ್ಮಾಕೋಲ್ ತುಂಡುಗಳನ್ನು ಟಾಲ್ವಿನ್‌ನಲ್ಲಿ ಹಾಕಿದರೆ ಗಾಳಿಯೆಲ್ಲ ಬುಸ್ಸೆಂದು ಹೊರಟು, ದೊಡ್ಡ ರಾಶಿ ಒಂದು ಚಮಚ ಅಂಟಾಗುತ್ತದೆ. ಆ ಅಂಟನ್ನು ಗಾಜಿನ ಮೇಲೆ ಹರಡಿದಾಗ ನಡೆಯುವುದನ್ನು ಹತ್ತಿರದಿಂದ ನೋಡೋಣ. ಆರಂಭದಲ್ಲಿ ದ್ರಾವಕ ಹೇರಳ, ಸರಪಳಿಗಳು ಸಲೀಸಾಗಿ ಓಡಾಡುತ್ತವೆ. ಟಾಲ್ವಿನ್ ಹಾರಿದಂತೆಲ್ಲ ಗುಂಪು ಒತ್ತೊತ್ತಾಗುತ್ತದೆ. ಟಾಲ್ವಿನ್ ಬೆರೆತ ಪಾಲಿಸ್ಟೈರೀನ್ ಗಾಜಾಗುವ ಉಷ್ಣತೆ 100 ಡಿಗ್ರಿಗಿಂತ ಬಹಳ ಕೆಳಗಿರುತ್ತದೆ. ದ್ರಾವಕ ಕಡಿಮೆಯಾದಂತೆ ಅದು ಏರುತ್ತ ಬರುತ್ತದೆ. ಏರಿ ಏರಿ ಕೋಣೆಯ ಉಷ್ಣತೆಯನ್ನು ಮುಟ್ಟಿದ ಕ್ಷಣ ಇಡೀ ಪದರ ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ಫಾಕ್ಸ್ ಎಂಬ ವಿಜ್ಞಾನಿ 1956ರಲ್ಲಿ ಕೊಟ್ಟ ಸರಳ ಸೂತ್ರದಲ್ಲಿ ಲೆಕ್ಕ ಹಾಕಿದರೆ ಆ ಕ್ಷಣದಲ್ಲಿ ಫಿಲ್ಮ್‌ನೊಳಗೆ ತೂಕದಲ್ಲಿ ಇನ್ನೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಭಾಗ ಟಾಲ್ವಿನ್ ಇರುತ್ತದೆ. ಕೈಗೆ ಒಣಗಿದಂತೆ ಕಾಣುವ ಫಿಲ್ಮ್ ನಿಜಕ್ಕೂ ಒಣಗಿಲ್ಲ.

ಮುಂದಿನದು ಇನ್ನೂ ಮುಖ್ಯ. ಉಳಿದ ಟಾಲ್ವಿನ್ ಹೊರಬಿದ್ದಂತೆ ಪದರ ಕುಗ್ಗಬೇಕು. ಕೆಳಗೆ ಗಾಜಿಗೆ ಅಂಟಿಕೊಂಡಿರುವುದರಿಂದ ಅಗಲದಲ್ಲಿ ಕುಗ್ಗಲಾರದು, ದಪ್ಪದಲ್ಲಿ ಮಾತ್ರ ಕುಗ್ಗಬಲ್ಲದು. ಸರಪಳಿಗಳು ಜರುಗಿ ಸರಿಹೊಂದಿಸಿಕೊಳ್ಳೋಣವೆಂದರೆ ಅವು ಆಗಲೇ ಗಾಜಾಗಿವೆ. ಹಾಗಾಗಿ ಪದರದೊಳಗೆ ಬಿಗಿತ ಕೂಡುತ್ತದೆ. ಫಿಲ್ಮನ್ನು ಬ್ಲೇಡಿನಿಂದ ಎಬ್ಬಿಸಿದಾಗ ಅಂಚು ಸುರುಳಿ ಸುತ್ತಿಕೊಳ್ಳುವುದನ್ನು ಕಂಡವರಿಗೆ ಈ ಬಿಗಿತದ ಪರಿಚಯವಿದೆ. ಮೇಲ್ಮೈ ಮೊದಲು ಒಣಗಿ ಗಟ್ಟಿ ಸಿಪ್ಪೆಯಾಗಿ, ಒಳಗಿನ ದ್ರಾವಕಕ್ಕೆ ದಾರಿ ಮುಚ್ಚುವ ಸಾಧ್ಯತೆಯನ್ನು ದ ಜೆನ್ 2002ರಲ್ಲಿ ಲೆಕ್ಕ ಮಾಡಿ ತೋರಿಸಿದರು. ತಿರುಗಿಸಿ ಮಾಡಿದ ಪಾಲಿಸ್ಟೈರೀನ್ ತೆಳುಪದರಗಳಲ್ಲಿ ಒಣಗುವಾಗ ಉಳಿದ ಒತ್ತಡವೇ ಪದರ ಬಿರಿದು ತೂತಾಗಲು ಕಾರಣವೆಂದು ಗುಂಟರ್ ರೈಟರ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಆ ಫಿಲ್ಮ್‌ಗಳನ್ನು ಇಟ್ಟು ಕಾದಷ್ಟೂ ಒತ್ತಡ ಇಳಿಯುತ್ತದೆ. ಗಾಜಿನ ಸ್ಥಿತಿಯಲ್ಲೂ ಸಡಿಲಿಕೆ ಪೂರ್ತಿ ಸತ್ತಿಲ್ಲ, ಬಹಳ ನಿಧಾನವಾಗಿದೆ ಅಷ್ಟೆ.

ದ್ರಾವಕ ಬದಲಿಸಿದರೆ ಈ ಕಥೆಯ ಪ್ರತಿ ಘಟ್ಟವೂ ಬದಲಾಗುತ್ತದೆ. ಎಲ್ಲರಿಗೂ ಮೊದಲು ಹೊಳೆಯುವುದು ಕುದಿಬಿಂದು. ಅಸಿಟೋನ್ 56 ಡಿಗ್ರಿಗೆ ಕುದಿಯುತ್ತದೆ, ಕ್ಲೋರೋಫಾರ್ಮ್ 61ಕ್ಕೆ, ಟಾಲ್ವಿನ್ 111ಕ್ಕೆ, ಕ್ಲೋರೋಬೆಂಜೀನ್ 132ಕ್ಕೆ. ಬೇಗ ಹಾರುವ ದ್ರಾವಕ ಸರಪಳಿಗಳಿಗೆ ಹೊಂದಿಕೊಳ್ಳಲು ಸಮಯ ಕೊಡುವುದಿಲ್ಲ, ನಿಧಾನದ ದ್ರಾವಕ ಕೊಡುತ್ತದೆ. ಇಷ್ಟೇ ಆಗಿದ್ದರೆ ವಿಷಯ ಸುಲಭವಿತ್ತು. ಆದರೆ ಕ್ಲೋರೋಫಾರ್ಮ್ ಬೇಗ ಹಾರುವಂಥದ್ದಾದರೂ ಅದರ ಹೈಡ್ರೋಜನ್ ಪಿಎಂಎಂಎಯ ಎಸ್ಟರ್ ಗುಂಪಿನ ಆಕ್ಸಿಜನ್ನನ್ನು ಮೆಲ್ಲಗೆ ಹಿಡಿದುಕೊಳ್ಳುತ್ತದೆ. ಕೊನೆಯ ಕೆಲವು ಭಾಗ ಕುದಿಬಿಂದುವಿನ ಲೆಕ್ಕಕ್ಕೆ ಸಿಗದೆ ಫಿಲ್ಮ್‌ನಲ್ಲಿ ಉಳಿದುಬಿಡುತ್ತದೆ. ಹಾರುವ ಗುಣ ಒಂದು, ಅಂಟುವ ಗುಣ ಇನ್ನೊಂದು.

ಮೂರನೆಯದು ಕರಗಿಸುವ ಗುಣ. ಪಾಲ್ ಫ್ಲೋರಿ ಕಟ್ಟಿದ ಶಾಸ್ತ್ರದ ಪ್ರಕಾರ ಒಳ್ಳೆಯ ದ್ರಾವಕದಲ್ಲಿ ಸರಪಳಿ ಬಿಚ್ಚಿಕೊಂಡು ಹರಡುತ್ತದೆ, ಒಗ್ಗದ ದ್ರಾವಕದಲ್ಲಿ ಮುದುಡುತ್ತದೆ. ಪಾಲಿಸ್ಟೈರೀನಿಗೆ ಟಾಲ್ವಿನ್ ಒಳ್ಳೆಯದು. ಸೈಕ್ಲೋಹೆಕ್ಸೇನ್ ಸುಮಾರು 34.5 ಡಿಗ್ರಿಯಲ್ಲಿ ಎತ್ತಲೂ ವಾಲದ ನಡುಗೆರೆ, ಅದಕ್ಕಿಂತ ತಣ್ಣಗಾದರೆ ಒಗ್ಗದು. ಬಿಚ್ಚಿಕೊಂಡ ಸರಪಳಿಗಳು ಒಂದರೊಳಗೊಂದು ತೂರಿಕೊಂಡು ಹೆಚ್ಚು ತೊಡಕಾಗುತ್ತವೆ. ಮುದುಡಿದವು ತಮ್ಮಷ್ಟಕ್ಕೆ ಉಂಡೆಯಾಗಿದ್ದು ಕಡಿಮೆ ತೊಡಕಾಗುತ್ತವೆ. ಫಿಲ್ಮ್ ಗಾಜಾದ ಮೇಲೆ ಆ ತೊಡಕಿನ ಪ್ರಮಾಣ ಹಾಗೆಯೇ ಸ್ಥಿರ. ಒಂದೇ ಬಾಟಲಿಯ ಪಾಲಿಮರ್, ಒಂದೇ ದಪ್ಪ, ಎರಡು ದ್ರಾವಕ: ಒಂದು ಫಿಲ್ಮ್ ಗಟ್ಟಿ, ಇನ್ನೊಂದು ಬೇಗ ಹರಿಯುವಂಥದ್ದು.

ಇದನ್ನು ಅಳೆಯುವುದು ಹೇಗೆ? ಒಂದು ದಾರಿ ವಿದ್ಯುತ್ತಿನದು. ಜಪಾನಿನ ಮೊತೊತಾರೊ ಎಗುಚಿ 1919ರ ಸುಮಾರಿಗೆ ಕರಗಿಸಿದ ಮೇಣ ಮತ್ತು ರಾಳದ ಮಿಶ್ರಣವನ್ನು ವಿದ್ಯುತ್ ಕ್ಷೇತ್ರದಲ್ಲಿಯೇ ತಣಿಯಲು ಬಿಟ್ಟಾಗ, ಕ್ಷೇತ್ರ ತೆಗೆದ ಮೇಲೂ ಆ ತುಂಡಿನಲ್ಲಿ ವಿದ್ಯುತ್ ಧ್ರುವತೆ ಉಳಿಯಿತು. ಪಾಲಿಮರ್ ಫಿಲ್ಮಿಗೂ ಹಾಗೆಯೇ ಮಾಡಬಹುದು. ಬಿಸಿ ಮಾಡಿ, ಕ್ಷೇತ್ರ ಕೊಟ್ಟು, ಅದೇ ಕ್ಷೇತ್ರದಲ್ಲಿ ಚೆನ್ನಾಗಿ ತಣಿಸಬೇಕು. ಆಮೇಲೆ ಕ್ಷೇತ್ರ ತೆಗೆದು ನಿಧಾನವಾಗಿ ಬಿಸಿ ಮಾಡುತ್ತ ಹೊರಬರುವ ಅತ್ಯಲ್ಪ ವಿದ್ಯುತ್ತನ್ನು ಅಳೆಯಬೇಕು. ಬುಚ್ಚಿ ಮತ್ತು ಫಿಯೆಸ್ಕಿ ಎಂಬ ಇಟಲಿಯವರು 1964ರಲ್ಲಿ ಈ ವಿಧಾನವನ್ನು ವಿಜ್ಞಾನಿಗಳ ಕೈಗೆ ಕೊಟ್ಟರು. ಯಾವ ಉಷ್ಣತೆಯಲ್ಲಿ ಯಾವ ಗುಂಪಿಗೆ ಚಲನೆ ಬರುತ್ತದೋ ಅಲ್ಲಿ ವಿದ್ಯುತ್ತಿನ ಒಂದು ಶಿಖರ ಏಳುತ್ತದೆ. ಕೆಳಗಿನ ಉಷ್ಣತೆಯಲ್ಲಿ ಬೀಟಾ, ಗಾಜು ಕರಗುವ ಹತ್ತಿರ ಆಲ್ಫಾ. ದ್ರಾವಕ ಉಳಿದಿರುವ ಫಿಲ್ಮ್‌ನಲ್ಲಿ ಆಲ್ಫಾ ಶಿಖರ ಕೆಳಗಿನ ಉಷ್ಣತೆಗೆ ಜಾರುತ್ತದೆ, ಏಕೆಂದರೆ ಉಳಿದ ದ್ರಾವಕ ಸರಪಳಿಗಳ ಚಲನೆಗೆ ಜಾಗ ಮಾಡಿಕೊಡುತ್ತದೆ.

ಇಲ್ಲಿ ಒಂದು ನಾಜೂಕಾದ ಪ್ರಶ್ನೆ ಏಳುತ್ತದೆ. ಶಿಖರ ಜಾರಿದ್ದು ದ್ರಾವಕ ಇನ್ನೂ ಒಳಗಿರುವುದರಿಂದಲೋ, ಅಥವಾ ದ್ರಾವಕ ಹೋಗಿದ್ದರೂ ಅದು ಸರಪಳಿಗಳನ್ನು ಇಟ್ಟುಹೋದ ರೀತಿಯಿಂದಲೋ? ಮೊದಲನೆಯದಾದರೆ ಗಾಜಾಗುವ ಉಷ್ಣತೆಗಿಂತ ಸ್ವಲ್ಪ ಕೆಳಗೆ, ನಿರ್ವಾತದಲ್ಲಿ ಬಹಳ ದಿನ ಇಟ್ಟರೆ ತೂಕ ಇಳಿಯಬೇಕು, ತೂಕ ನಿಂತಾಗ ಶಿಖರವೂ ತನ್ನ ಜಾಗಕ್ಕೆ ಬರಬೇಕು. ಎರಡನೆಯದಾದರೆ ತೂಕ ನಿಂತ ಮೇಲೂ ವ್ಯತ್ಯಾಸ ಉಳಿಯುತ್ತದೆ. ಗಾಜಾಗುವ ಉಷ್ಣತೆಯನ್ನು ದಾಟಿಸಿ, ಸರಪಳಿಗಳು ಪೂರ್ತಿ ಜಾಗ ಬದಲಿಸುವಷ್ಟು ಹೊತ್ತು ಇಟ್ಟ ಮೇಲಷ್ಟೇ ಅದು ಅಳಿಯುತ್ತದೆ. ಉಳಿದ ದ್ರಾವಕ ಮತ್ತು ಉಳಿದ ಗುರುತು, ಇವೆರಡನ್ನು ಬೇರೆ ಮಾಡದ ಅಳತೆಗೆ ನನ್ನ ಮಟ್ಟಿಗೆ ಹೆಚ್ಚು ಬೆಲೆಯಿಲ್ಲ.

ಅಳತೆಯ ಇನ್ನೊಂದು ದಾರಿಯಲ್ಲಿ ಕರ್ನಾಟಕದ ಕೊಡುಗೆ ದೊಡ್ಡದು. ಸೋಡಿಯಂ-22 ಎಂಬ ವಿಕಿರಣಶೀಲ ಐಸೋಟೋಪ್ ಎಲೆಕ್ಟ್ರಾನಿನ ಪ್ರತಿಕಣಗಳಾದ ಪಾಸಿಟ್ರಾನ್‌ಗಳನ್ನು ಹೊರಸೂಸುತ್ತದೆ. ಪಾಲಿಮರ್ ಒಳಗೆ ಹೊಕ್ಕ ಪಾಸಿಟ್ರಾನ್ ಒಂದು ಎಲೆಕ್ಟ್ರಾನಿನ ಜೊತೆ ಜೋಡಿ ಕಟ್ಟಿಕೊಂಡು, ಸರಪಳಿಗಳ ನಡುವಿನ ಖಾಲಿ ಜಾಗದಲ್ಲಿ ಕ್ಷಣಕಾಲ ಬದುಕಿ ನಾಶವಾಗುತ್ತದೆ. ಈ ಜೋಡಿಯ ದೀರ್ಘಾಯುಷ್ಯದ ರೂಪ ನಿರ್ವಾತದಲ್ಲಿ 142 ನ್ಯಾನೋಸೆಕೆಂಡ್ ಬದುಕುತ್ತದೆ. ಪಾಲಿಮರ್ ಒಳಗೆ ಸುತ್ತಲಿನ ಎಲೆಕ್ಟ್ರಾನ್‌ಗಳಿಗೆ ಸಿಕ್ಕಿ ಕೆಲವೇ ನ್ಯಾನೋಸೆಕೆಂಡ್‌ಗೆ ಇಳಿಯುತ್ತದೆ. ಖಾಲಿ ಜಾಗ ದೊಡ್ಡದಾದಷ್ಟೂ ಆಯುಷ್ಯ ಹೆಚ್ಚು. ಹೀಗೆ ಆಯುಷ್ಯ ಅಳೆದು, ಒಂದು ನ್ಯಾನೋಮೀಟರಿನ ಮೂರನೇ ಒಂದು ಭಾಗದಷ್ಟು ತ್ರಿಜ್ಯದ ತೂತಿನ ಗಾತ್ರ ಹೇಳಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಿ. ರಂಗನಾಥಯ್ಯ ಮತ್ತು ಅವರ ವಿದ್ಯಾರ್ಥಿಗಳು ಈ ವಿಧಾನದಿಂದ ಬಗೆಬಗೆಯ ಪಾಲಿಮರ್‌ಗಳ ಒಳಜಾಗವನ್ನು ವರ್ಷಗಟ್ಟಲೆ ಅಳೆದರು. ಬೆಳ್ತಂಗಡಿಗೆ ಹತ್ತಿರದ ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ವಿ. ರವೀಂದ್ರಾಚಾರಿ ಅವರ ಗುಂಪು ದ್ರಾವಣದಿಂದ ಎರೆದ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಫಿಲ್ಮ್‌ಗಳಿಗೆ ಇದನ್ನೇ ಬಳಸಿತು. ಸರಪಳಿ ಜರುಗಬೇಕಾದರೆ ಪಕ್ಕದಲ್ಲಿ ಜಾಗ ಬೇಕು. ಆ ಜಾಗವನ್ನೇ ಅಳೆಯುವ ಉಪಾಯ ಇದು.

ಪಿವಿಎ ಎಂದಾಗ ನಮ್ಮ ಕರಾವಳಿಯ ಮಳೆಗಾಲವನ್ನು ಮರೆಯುವಂತಿಲ್ಲ. ಆ ಪಾಲಿಮರಿಗೆ ದ್ರಾವಕ ನೀರು. ಒಣಗಿದ ಪಿವಿಎ ಸುಮಾರು 85 ಡಿಗ್ರಿಯಲ್ಲಿ ಗಾಜಾಗುತ್ತದೆ. ಆದರೆ ಅದು ಗಾಳಿಯ ತೇವವನ್ನು ಹೀರುವ ವಸ್ತು, ನೀರು ಹೀರಿದಂತೆ ಆ ಉಷ್ಣತೆ ಬಹಳ ಇಳಿಯುತ್ತದೆ. ಫೆಬ್ರವರಿಯಲ್ಲಿ ಎರೆದ ಫಿಲ್ಮೂ ಜುಲೈಯಲ್ಲಿ ಎರೆದ ಫಿಲ್ಮೂ ಮೇಜಿನ ಮೇಲೆ ಒಂದೇ ಥರ ಕಾಣಬಹುದು, ಒಳಗಿನ ಚಲನೆ ಒಂದೇ ಅಲ್ಲ. ಆಟಿ ತಿಂಗಳಲ್ಲಿ ಹೊಸ ಬಾಗಿಲಿಗೆ ಲ್ಯಾಕರ್ ಪಾಲಿಶ್ ಹೊಡೆಸಿದವರಿಗೆ ಇದರ ಇನ್ನೊಂದು ಮುಖ ಗೊತ್ತು. ಥಿನ್ನರ್ ರಭಸದಿಂದ ಹಾರುವಾಗ ಮೇಲ್ಮೈಯ ಶಾಖವನ್ನು ಹೊತ್ತೊಯ್ಯುತ್ತದೆ, ತಣ್ಣಗಾದ ಮೇಲ್ಮೈ ಮೇಲೆ ಗಾಳಿಯ ತೇವ ಹನಿಗಟ್ಟಿ ಪದರದೊಳಗೆ ಸಿಕ್ಕಿಬೀಳುತ್ತದೆ. ಪಾಲಿಶ್ ಬೆಳ್ಳಗಾಗುತ್ತದೆ. ಅನುಭವಿ ಪೈಂಟರು ಬಿಸಿಲು ಬರುವವರೆಗೆ ಕಾಯುತ್ತಾನೆ, ಇಲ್ಲವೇ ನಿಧಾನ ಹಾರುವ ಥಿನ್ನರ್ ಬೆರೆಸುತ್ತಾನೆ. ದ್ರಾವಕದ ಆಯ್ಕೆಯಿಂದ ಪದರದ ಗುಣ ತಿದ್ದುವ ಕೆಲಸವೇ ಅದು.

ತೀರಾ ತೆಳುವಾದ ಪದರಗಳಲ್ಲಿ, ಉಳಿದ ದ್ರಾವಕವೋ ಉಳಿದ ಗುರುತೋ ಎಂಬ ಪ್ರಶ್ನೆ ದೊಡ್ಡ ವಿವಾದವಾಗಿಯೇ ಬೆಳೆಯಿತು. ಕೇಂಬ್ರಿಜ್‌ನಲ್ಲಿ ಕೆಡ್ಡಿ, ಜೋನ್ಸ್ ಮತ್ತು ಕೋರಿ 1994ರಲ್ಲಿ, ಸಿಲಿಕಾನ್ ಮೇಲಿನ 10 ನ್ಯಾನೋಮೀಟರ್ ಪಾಲಿಸ್ಟೈರೀನ್ ಪದರ ಮಾಮೂಲಿಗಿಂತ ಸುಮಾರು 25 ಡಿಗ್ರಿ ಕೆಳಗೇ ಗಾಜುಸ್ಥಿತಿ ಬಿಡುತ್ತದೆ ಎಂದು ವರದಿ ಮಾಡಿದರು. ಮೇಲಿನ ಮುಕ್ತ ತುದಿಯಲ್ಲಿ ಸರಪಳಿಗಳಿಗೆ ಹೆಚ್ಚು ಸ್ವಾತಂತ್ರ್ಯ ಎಂಬುದು ಒಂದು ವಿವರಣೆ. ಉಳಿದ ದ್ರಾವಕ, ಒಣಗಿದ ರೀತಿ, ಕೂಡಿದ ಬಿಗಿತ ಇವುಗಳ ಪಾಲೆಷ್ಟು ಎಂದು ಇತರರು ಕೇಳಿದರು. ಬಿಸಿ ಮಾಡಿ ಎಲ್ಲ ಅಳಿಸಿಬಿಡೋಣವೆಂದರೆ ಅದಕ್ಕೂ ತೊಡಕು. ಬಿಸಿಯಲ್ಲಿ ಇಟ್ಟಷ್ಟು ಹೊತ್ತೂ ಸರಪಳಿಗಳು ತಳಕ್ಕೆ ಮೆಲ್ಲಮೆಲ್ಲನೆ ಅಂಟಿಕೊಂಡು ಹೊಸದೊಂದು ಪದರ ಕಟ್ಟುತ್ತವೆ, ಅದರ ಜೊತೆಗೆ ಗಾಜಾಗುವ ಉಷ್ಣತೆಯೂ ಬದಲಾಗುತ್ತದೆ ಎಂದು ನಪೊಲಿಟಾನೊ ಮತ್ತು ವ್ಯೂಬೆನ್‌ಹೋರ್ಸ್ಟ್ 2011ರಲ್ಲಿ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಕೆ. ಬಸು ಅವರ ಗುಂಪು ಪಾಲಿಮರ್ ತೆಳುಪದರಗಳ ಗಾಜುಸ್ಥಿತಿಯನ್ನು ಅಭ್ಯಸಿಸುತ್ತ ಬಂದಿದೆ. ಅಲ್ಲಿ ಸಂಶೋಧನೆ ಮಾಡಿದ ಶಿವಸುರೇಂದರ್ ಚಂದ್ರನ್ ಮುಂದೆ ರೈಟರ್ ಮೊದಲಾದವರ ಜೊತೆ ಸೇರಿ 2019ರಲ್ಲಿ ಬರೆದ ಲೇಖನದ ತಿರುಳು ಇದೇ: ಪಾಲಿಮರ್ ಯಾವ ದಾರಿಯಲ್ಲಿ ಫಿಲ್ಮ್ ಆಯಿತು ಎಂಬುದೇ ಅಣುಗಳ ಮಟ್ಟದಲ್ಲಿ ಅದರ ಗುಣವನ್ನು ತೀರ್ಮಾನಿಸುತ್ತದೆ. ಫಿಲ್ಮ್ ಒಣಗಿಸುವುದನ್ನು ಅಡ್ಡಿಯೆಂದು ನೋಡದೆ ಗುಣ ಬೇಕಾದಂತೆ ತಿದ್ದಿಕೊಳ್ಳುವ ಹಿಡಿಕೆಯೆಂದು ನೋಡುವ ಈ ದೃಷ್ಟಿ ಸರಿಯೆಂದು ನಾನು ನಂಬುತ್ತೇನೆ.

ಉಜಿರೆಯಲ್ಲೋ ಕೊಣಾಜೆಯಲ್ಲೋ ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಫಿಲ್ಮ್ ಎರೆಯುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನೋಟ್‌ಬುಕ್ಕಿನಲ್ಲಿ ಪಾಲಿಮರಿನ ಹೆಸರು, ತೂಕ ಬರೆದು ನಿಲ್ಲಿಸಬೇಡಿ. ಯಾವ ದ್ರಾವಕ, ಎಷ್ಟು ಗಾಢ, ಆ ದಿನ ಕೋಣೆಯ ಉಷ್ಣತೆ ಎಷ್ಟು, ತೇವಾಂಶ ಎಷ್ಟು, ಮುಚ್ಚಿ ಒಣಗಿಸಿದಿರೋ ತೆರೆದಿಟ್ಟಿರೋ, ನಿರ್ವಾತದಲ್ಲಿ ಎಷ್ಟು ದಿನ ಇಟ್ಟಿರಿ, ಎಬ್ಬಿಸಿದಾಗ ಅಂಚು ಸುತ್ತಿಕೊಂಡಿತೋ ಇಲ್ಲವೋ, ಎಲ್ಲವನ್ನೂ ಬರೆಯಿರಿ. ದಿನಾ ಫಿಲ್ಮನ್ನು ತೂಗಿ, ತೂಕ ಇಳಿಯುವುದು ನಿಂತ ಮೇಲೆಯೇ ಅಳತೆಗೆ ಕೂರಿರಿ.